ಬಾಗಿಲಿನ ಗಾಲಿ

ಸೀಸದ ಬಾಗಿಲು ಗುಡುಗುಡು ಸದ್ದು ಮಾಡಿಕೊಂಡು ಬಂದು, ಗೋಡೆ ಸೇರಲು ಒಂದು ಬೆರಳಷ್ಟು ಜಾಗ ಇರುವಾಗ ಗಕ್ಕನೆ ನಿಂತುಬಿಟ್ಟಿತು. ಹೊರಗೆ ಕಂಪ್ಯೂಟರಿನ ಮೇಲೆ ಕೆಂಪಕ್ಷರ ಮೂಡಿತು: ಬಾಗಿಲು ತೆರೆದಿದೆ.

“ಅಯ್ಯಯ್ಯೋ!” ಎಂದು ಕುರ್ಚಿಯಿಂದ ಎದ್ದಳು ಟೆಕ್ನಿಷಿಯನ್ ಶೋಭಿತಾ. ಹಾಸನದ ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿ ಕಿರಣ ಹೊರಡಿಸುವ ಯಂತ್ರಕ್ಕೆ ಹೊಸ ಕೊಳವೆ, ಹೊಸ ವೈರು, ಹೊಸ ಸರ್ಕ್ಯೂಟ್ ಬೋರ್ಡು, ಹೊಸ ಸಾಫ್ಟ್‌ವೇರು ಎಲ್ಲ ಹಾಕಿಯಾಗಿತ್ತು. ಪರೀಕ್ಷೆಗಳೆಲ್ಲ ಪಾಸಾಗಿ, ಹಾರ ಹಾಕಿ ತೆಗೆದು, ಆಗತಾನೆ ಕಾಯಿಯನ್ನೂ ಒಡೆದಿದ್ದರು. ಮೊದಲ ರೋಗಿ ಮಲ್ಲಿಪಟ್ಟಣದ ಟ್ರ್ಯಾಕ್ಟರ್ ಡ್ರೈವರ್ ಗಂಗಯ್ಯ ಒಳಗೆ ಮಲಗಿದ್ದ. ಬಾಗಿಲು ಪೂರ್ತಿ ಮುಚ್ಚದೆ ಯಂತ್ರ ಕಿರಣ ಬಿಡುವುದಿಲ್ಲ. ಈ ರಿಪೇರಿಯಿಂದ ಅವನ ಚಿಕಿತ್ಸೆ ಅರ್ಧಕ್ಕೆ ನಿಂತಿತ್ತು. ಎದೆಯ ಗಡ್ಡೆಗೆ ಇನ್ನೂ ಬಿಡುವು ಕೊಡುವ ಹಾಗಿಲ್ಲ, ಇವತ್ತೂ ಯಂತ್ರ ನಡೆಯದಿದ್ದರೆ ಮೈಸೂರಿಗೆ ಹೊರಡಿ ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಮಲ್ಲಿಗಮ್ಮ ಬಟ್ಟೆಗಂಟು ಕಟ್ಟಿಕೊಂಡೇ ಬಂದಿದ್ದಳು.

“ಬಾಗಿಲನ್ನ ನಾವು ಮುಟ್ಟೇ ಇಲ್ವಲ್ಲ ಮೇಡಂ!” ಅಪ್‌ಗ್ರೇಡ್ ಮಾಡಲು ಬಂದಿದ್ದ ಎಂಜಿನಿಯರ್ ಮೋಹನ್‌ಕುಮಾರನಿಗೆ ಏಸಿಯಲ್ಲೂ ಬೆವರಿಳಿಯಿತು. ವೈರು ಕಿತ್ತು ಹಾಕಿದ, ಹಾಕಿ ಕಿತ್ತ. ಕೊನೆಗೆ ಕಂಪನಿಯ ಸಾಹೇಬರಿಗೆ ಫೋನ್ ಮಾಡಿ, “ಹೊಸ ಬೋರ್ಡೇ ಸುಟ್ಟಿದೆ ಸರ್, ಅನುಮಾನವೇ ಬೇಡ” ಎಂದು ತೀರ್ಪು ಕೊಟ್ಟುಬಿಟ್ಟ. ಮಲ್ಲಿಗಮ್ಮನ ಮುಖ ಇಳಿದುಹೋಯಿತು.

ಅಷ್ಟರಲ್ಲಿ ಒಳಗಿನ ಮೈಕಿನಿಂದ ಗಂಗಯ್ಯನ ದನಿ ಬಂತು. “ಸಾ... ನಿಂಬೆಣ್ಣು ಅಪ್ಪಚ್ಚಿ ಆದ್ವಾ?”

“ಯಾವ ನಿಂಬೆಹಣ್ಣು?” ಶೋಭಿತಾ ಒತ್ತಿಕೊಟ್ಟ ಮೈಕಿನಲ್ಲಿ ಕೇಳಿದ ಮೋಹನ್‌ಕುಮಾರ್.

“ಒಳೀಕ್ ಬರೋವಾಗ ನಾನೇ ಮಡುಗಿದ್ದು ಸಾ. ಮಿಸಿನ್ನಿಗೆ ಗಾಲಿನೇ ಇಲ್ಲ, ಉಡುಕ್ದೆ. ಬಾಗ್ಲಿಗೆ ಎಲ್ಡವೆ. ಎಲ್ಡುಕ್ಕೂ ಒಂದೊಂದು ಮಡುಗ್ದೆ. ಒಸಾ ಗಾಡಿನ ನಿಂಬೆಣ್ಣಿನ ಮ್ಯಾಲೆ ಅತ್ತಿಸ್ದೆ ಓಡ್ಸದುಂಟಾ?”

ಮೋಹನ್‌ಕುಮಾರ್ ಫೋನು ಕಿವಿಯಲ್ಲಿಟ್ಟುಕೊಂಡೇ ನೆಲಕ್ಕೆ ಕವುಚಿ ಬಿದ್ದು ನೋಡಿದ. ಒಂದು ಹಣ್ಣು ಶಾಸ್ತ್ರೋಕ್ತವಾಗಿ ಅಪ್ಪಚ್ಚಿಯಾಗಿತ್ತು. ಇನ್ನೊಂದು ಜಾರಿ, ಕಂಬಿಯ ಉದ್ದಕ್ಕೂ ಉರುಳಿ ಹೋಗಿ, ಗೋಡೆಗೂ ಬಾಗಿಲಿಗೂ ನಡುವೆ ಮಹಾರಾಜನ ಹಾಗೆ ಕೂತಿತ್ತು. ಸ್ಕ್ರೂಡ್ರೈವರಿನಿಂದ ಚುಚ್ಚಿ ಎಳೆದ.

“ಬೋರ್ಡು ಚೆನ್ನಾಗಿದೆ ಸರ್... ನಿಂಬೆಹಣ್ಣು ಸರ್... ಇಲ್ಲ ಸರ್, ನಾನು ಕುಡಿದಿಲ್ಲ ಸರ್!”

ಶೋಭಿತಾ ಮೇಜು ಹಿಡಿದುಕೊಂಡು ನಕ್ಕಳು. ಒಳಗೆ ಕೇಳಿಸುವ ಆ ಮೈಕು ಆರಿಸುವುದನ್ನು ಮರೆತಿದ್ದಳು. ಮಲ್ಲಿಗಮ್ಮ ಅದೇ ಮೈಕಿಗೆ ಬಾಗಿ ಕೂಗಿದಳು. “ಥೂ, ನಿನ್ ಬುದ್ದಿಗಿಷ್ಟು ಬೆಂಕಿ ಆಕ! ನಿನ್ ಕಾಯ್ಲೆ ವಾಸಿ ಮಾಡೋ ಬಾಗ್ಲಿಗೇ ಅಡ್ಡ ಮಡುಗ್ದಲ್ಲಾ!”

ಬಾಗಿಲು ಈ ಸಲ ಧಡ್ಡನೆ ಮುಚ್ಚಿಕೊಂಡಿತು. ಕೆಂಪು ದೀಪ ಹತ್ತಿತು. ಯಂತ್ರ ಗುಂಯ್ ಎಂದಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುಕ್ಷಣವೇ ಅದು ನಿಂತುಹೋಯಿತು.

ಮೋಹನ್‌ಕುಮಾರನ ಕೈ ಮತ್ತೆ ವೈರಿಗೆ ಹೋಯಿತು. ಆದರೆ ಯಂತ್ರದ ತಪ್ಪೇನೂ ಇರಲಿಲ್ಲ. ಹೊಸದಾಗಿ ಹಾಕಿದ ಕ್ಯಾಮೆರಾ ರೋಗಿಯ ಎದೆಯನ್ನೇ ನೋಡುತ್ತಿರುತ್ತದೆ, ಮಿಸುಕಾಡಿದರೆ ಕಿರಣ ತಾನೇ ನಿಲ್ಲುತ್ತದೆ. ಒಳಗಿನದನ್ನು ತೋರಿಸುವ ಟಿವಿಯಲ್ಲಿ ಗಂಗಯ್ಯನ ಎದೆ ಕುಣಿಯುತ್ತಿತ್ತು.

“ಗಂಗಣ್ಣ, ನಗಬೇಡಿ! ನಕ್ಕರೆ ಮಿಷಿನ್ ನಿಂತೋಗುತ್ತೆ.”

“ಇಲ್ಲ ಕಣವ್ವ, ನಿಲ್ಲುಸ್ದೆ” ಎಂದ ಗಂಗಯ್ಯ ಉಸಿರು ಬಿಗಿಹಿಡಿದ. ಎದೆಯ ಕುಣಿತ ಸ್ವಲ್ಪ ತಣ್ಣಗಾಯಿತು. “ಕುಡ್ದಿಲ್ಲ ಸಾ ಅಂದ್ರಲ್ಲಾ...” ಎಂದವನೇ ಮತ್ತೆ ಕಿಸಕ್ಕೆಂದ. ಮತ್ತೆ ಎದೆ ಕುಣಿಯಿತು.

ಗದರಿಸಲೆಂದು ಶೋಭಿತಾ ಮೈಕಿಗೆ ಕೈ ಹಾಕಿದಳು. ಮಲ್ಲಿಗಮ್ಮ ಆ ಕೈ ಹಿಡಿದುಕೊಂಡಳು. ಅವಳ ಕಣ್ಣು ಟಿವಿಯ ಮೇಲೇ ಇತ್ತು.

“ಕಾಯ್ಲೆ ಎಸ್ರು ಕೇಳಿದ್ ದಿನದಿಂದ ನಕ್ಕೇ ಇರ್ನಿಲ್ಲ ಕಣವ್ವ. ವಸಿ ವೊತ್ತು ನಗ್ಲಿ ಬುಡು. ಮಿಸಿನ್ನು ಕಾಯ್ಲಿ.”