ನೆಲದೊಳಗಿನ ಗೋಡೆ

ಎರಡಾಳು ಆಳದ ಕಂದಕದಲ್ಲಿ ಎರೆಮಣ್ಣು ತುಳಿಯುತ್ತಿದ್ದ ಸಿದ್ದವ್ವ ತಟ್ಟನೆ ನಿಂತಳು. ಎರಡೂ ಬದಿಯಿಂದ ನೀರು ಜಿನುಗುತ್ತಿತ್ತು. ಮೇಲೆ ಆಕಾಶ ಒಣಹಾಕಿದ ಧೋತರದಂತೆ ತೇಲುತ್ತಿತ್ತು; ನೆಲದೊಳಗೆ ಯಾರೋ ನಿದ್ದೆಯಲ್ಲಿ ಮಾತಾಡಿದಂಥ ಸದ್ದು.

"ವೈನಿ, ನಿಂತಲ್ಲೇ ನಿದ್ದಿ ಹತ್ತಿತೇನ್ರಿ?" ಮೈದುನ ಖಂಡೆಪ್ಪ ಮೇಲಿನಿಂದ ಬುಟ್ಟಿ ಮಣ್ಣು ಸುರುವಿದ.

ಹಳ್ಳದ ದಂಡೆಗೆ ಬೆಳ್ಳಗೆ ಉಪ್ಪು ಎದ್ದಿತ್ತು. ಹಳ್ಳದ ಸವಳು ನೀರು ಸಿದ್ದವ್ವನ ಬಾವಿಗಿಳಿದು ನಿಂಬೆಗಿಡಗಳು ಒಣಗುತ್ತಿವೆ, ನಡುವೆ ನೆಲದೊಳಗೆ ಮಣ್ಣಿನ ಗೋಡೆ ಕಟ್ಟಿದರೆ ಉಳಿಯುತ್ತವೆ ಎಂದು ಓವರ್‌ಸಿಯರ್ ಗುರುರಾಜ ಆ ಉಪ್ಪು ನೋಡಿಯೇ ಹೇಳಿದ್ದ. ಸಿದ್ದವ್ವ ಹಳ್ಳದ ಕಡೆಯ ನೀರನ್ನು ನಾಲಗೆಗೆ ಹಚ್ಚಿ ನೋಡಿದಳು. ಸಿಹಿ. ಬಾವಿಯ ಕಡೆಯದು ಉಪ್ಪು. ಸವಳು ಇದ್ದದ್ದು ಅವಳ ಹೊಲದಲ್ಲೇ. ಗೋಡೆ ತಡೆಯಲಿದ್ದದ್ದು ಸಿಹಿನೀರನ್ನು.

ಒಂದೊಂದು ಅಂಗೈಯಲ್ಲಿ ಒಂದೊಂದು ಕಡೆಯ ನೀರು ಹಿಡಿದು, ಪಕ್ಕದಲ್ಲೇ ಟೇಪು ಹಿಡಿದು ನಿಂತಿದ್ದ ಗುರುರಾಜನ ಮುಂದೆ ಚಾಚಿದಳು. "ರುಚಿ ನೋಡ್ರಿ, ಸಾಹೇಬ್ರ."

ಮಡಿವಂತ ಗುರುರಾಜ ಈ ಊರಿನ ನೀರು ಬಾಯಿಗೆ ಹಾಕಿದವನಲ್ಲ. ಇಂಡಿ ಪಟ್ಟಣದ ತನ್ನ ಮನೆಯಿಂದಲೇ ತಂಬಿಗೆಯಲ್ಲಿ ತರುತ್ತಿದ್ದ. ಅವನು ಮಣ್ಣು ಮೆತ್ತಿದ ಆ ಕೈಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ಒಂದರಿಂದ ಹೀರಿದ. ಇನ್ನೊಂದರಿಂದ ಹೀರಿ ಉಗುಳಿದ.

"ಬುಟ್ಟಿ ಇಳಸು, ಖಂಡೆಪ್ಪ," ಎಂದ. "ತುಂಬಿದ ಮಣ್ಣೆಲ್ಲಾ ತೆಗೀಬೇಕು."