ಹತ್ತು ನಿಮಿಷದ ಭಾರ

ಭೂಮಿಯ ಸೆಳೆತ ಮುಕ್ಕಾಲು ಪಾಲು ತಗ್ಗಿ ಹನ್ನೊಂದು ವರ್ಷವಾಗಿತ್ತು. ಎಲುಬು ಸವೆಯದಿರಲೆಂದು ಕೋಲಾರದ ಗಣಿ ಊರಿನ ಜನ ದಿನಕ್ಕೊಮ್ಮೆ ತಿರುಗುಯ್ಯಾಲೆ ಹತ್ತುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳ ಮಕ್ಕಳ ಮೋಜಿಗೆಂದು 1908ರಲ್ಲಿ ನಿಲ್ಲಿಸಿದ್ದ ಕಬ್ಬಿಣದ ಕಂಬ, ಅದರಿಂದ ತೂಗುವ ಆರು ದೋಣಿಗಳು. ಜೋರಾಗಿ ಸುತ್ತಿದರೆ ಒಳಗಿದ್ದವರಿಗೆ ಹಳೆಯ ಭಾರ ಮರಳುತ್ತಿತ್ತು.

ಅದನ್ನು ನಡೆಸುವವಳು ನೇಸಮ್ಮ. ಇಂದು ಮೂರನೆಯ ದೋಣಿಯಲ್ಲಿ ಅವಳ ಮಗಳು ಎಸ್ತರ್ ಕುಳಿತಿದ್ದಳು. ಒಂಬತ್ತು ವರ್ಷದ ಆ ಹುಡುಗಿ ಹುಟ್ಟಿದ್ದೇ ಹಗುರಾದ ಲೋಕದಲ್ಲಿ. ಚಿಕ್ಕ ಮಕ್ಕಳನ್ನು ಹತ್ತಿಸುತ್ತಿರಲಿಲ್ಲವಾದ್ದರಿಂದ ಇದು ಅವಳ ಮೊದಲ ಸುತ್ತು. "ಎಲುಬು ಹಪ್ಪಳದಂಗಾಗಿದೆ. ಹತ್ತು ನಿಮಿಷ ಪೂರ್ತಿ ತಿರುಗಿಸಿ, ನಡುವೆ ನಿಲ್ಲಿಸಬೇಡಿ," ಎಂದಿದ್ದರು ಡಾಕ್ಟರು.

ನೇಸಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆವೆತ ಕೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ಮತ್ತೆ ಯಂತ್ರದ ಹಿಡಿಕೆ ಹಿಡಿದಳು. ನಾಲ್ಕನೆಯ ನಿಮಿಷಕ್ಕೆ ಮೇಲಿಂದ ಕೂಗು ಬಂತು: "ಅಮ್ಮಾ, ಯಾರೋ ಎದೆ ಮೇಲೆ ಕೂತಂಗಾಯ್ತೈತೆ! ನಿಲ್ಸು!"

"ನಿಲ್ಸಮ್ಮ, ಮಗು ಅಳ್ತೈತೆ," ಎಂದ, ಸರದಿಯಲ್ಲಿ ನಿಂತಿದ್ದ ಮುದುಕ ಮುನಿಶಾಮಪ್ಪ.

"ಈಗ ನಿಲ್ಸಿದ್ರೆ ಅವಳು ಯಾವತ್ತೂ ಗಟ್ಟಿಯಾಗಲ್ಲ ಮಾವ," ಎಂದಳು ನೇಸಮ್ಮ. ಗಡಿಯಾರದಿಂದ ದೋಣಿಗೆ, ದೋಣಿಯಿಂದ ಗಡಿಯಾರಕ್ಕೆ ಕಣ್ಣು ಹಾಯಿಸುತ್ತ ಉಳಿದ ಆರು ನಿಮಿಷ ಹೇಗೋ ಕಳೆದಳು.

ಉಯ್ಯಾಲೆ ನಿಂತೊಡನೆ ಓಡಿಹೋಗಿ ಮಗಳನ್ನು ಇಳಿಸಿಕೊಂಡಳು. ಎಸ್ತರ್ ಮೂಗು ಒರೆಸಿಕೊಂಡು, ಸಾಲಿನಲ್ಲಿದ್ದ ಹಿರಿಯರನ್ನೆಲ್ಲ ಒಮ್ಮೆ ದಿಟ್ಟಿಸಿದಳು.

"ಈ ಭಾರ ಹೋಯ್ತು ಅಂತಾನಾ ನೀವೆಲ್ಲ ದಿನಾ ಗೋಳಾಡೋದು?"

ಮುನಿಶಾಮಪ್ಪ ನಾಚಿದವನಂತೆ ತಲೆ ತಗ್ಗಿಸಿ, ಬೇಗಬೇಗ ಖಾಲಿ ದೋಣಿ ಹತ್ತಿ ಕೂತ.