ಟಕ್ ಎಂದ ಮೇಲೆ

ವ್ಯಾನು ಇಳಿಜಾರಿನ ಮೊದಲ ತಿರುವಿಗೆ ಮೂತಿ ತಿರುಗಿಸುವುದಕ್ಕೂ ಮೆಕ್ಯಾನಿಕ್‌ನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಕರೆ ಮಾಡಿದವನು ಉಪಕರಣಗಳ ಅಂಗಡಿಯವನು. ನಗೆಚಾಟಿಕೆಯಿಲ್ಲದೆ ಮಾತು ತೆರೆಯದ ಆ ಮನುಷ್ಯ ಈ ಹೊತ್ತು ಕುಶಲವನ್ನೂ ಕೇಳಲಿಲ್ಲ.

"ಅಣ್ಣ, ಮೊನ್ನೆ ಒಯ್ದ್ರಲ್ಲ ನಟ್ಟು ಬಿಗಿಯೋ ಟಾರ್ಕ್ ರೆಂಚು, ಅದನ್ನ ಇನ್ನೂ ಬಳಸಿಲ್ಲ ತಾನೆ?"

"ಯಾಕೆ?"

"ಒಯ್ದವರೆಲ್ಲ ವಾಪಸ್ ತಂದು ನನ್ನ ಮುಖದ ಮುಂದೆ ಆಡಿಸ್ತಿದಾರೆ. ದೊಡ್ಡ ರೆಂಚಿನ ಹೊಟ್ಟೆಗೆ ಸಣ್ಣದರ ಸ್ಪ್ರಿಂಗು ಹಾಕಿ ಕಳಿಸಿಬಿಟ್ಟಿದಾರಂತೆ. ಅರ್ಧ ಬಿಗಿ ಆಗೋದ್ರೊಳಗೇ ಟಕ್ ಅಂದುಬಿಡುತ್ತೆ!"

"ಅದೇ ಕಂಪನಿಯದಲ್ವೇನೋ? ನನ್ನ ಹಳೇದು ಒಂದು ದಿನ ಸುಳ್ಳು ಹೇಳಿಲ್ಲ."

"ಹೆಸರು ಅದೇ, ಡಬ್ಬೀನೂ ಅದೇ. ಹಳೇ ಕಾರ್ಖಾನೆ ಬಾಗಿಲು ಹಾಕಿ ಎಷ್ಟು ಕಾಲ ಆಯ್ತು! ಹೆಸರನ್ನ ಯಾರೋ ಕೊಂಡ್ಕೊಂಡ್ರು. ಈಗ ಯಾವ ಊರಲ್ಲಿ ಮಾಡಿಸ್ತಾರೋ ದೇವರಿಗೇ ಗೊತ್ತು. ಅಣ್ಣ, ಬಳಸಿಲ್ಲ ತಾನೆ?"

ಗುಡ್ಡ ಅಡ್ಡ ಬಂದು ಕರೆ ಕಡಿದುಹೋಯಿತು.

ಬಳಸಿದ್ದ. ಈ ಬೆಳಗ್ಗೆಯೇ, ಈ ವ್ಯಾನಿಗೇ, ಮುಂದಿನ ಎಡಚಕ್ರಕ್ಕೆ. ಈಗ ಸ್ಟಿಯರಿಂಗ್ ಹಿಡಿದು ಕುಳಿತಿರುವ ಮಾವ ಆಗ ಬೆನ್ನ ಹಿಂದೆ ಕೈಕಟ್ಟಿ ನಿಂತು, "ನಮ್ಮ ಕಾಲದಲ್ಲಿ ಪಾನಾ ಮೇಲೆ ಹತ್ತಿ ನಿಲ್ತಿದ್ವಿ, ಅಳಿಯಂದ್ರೇ. ಇದೇನು, ಹಲ್ಲಿ ಲೊಚಗುಟ್ಟಿದ ಹಾಗೆ?" ಎಂದು ಹಂಗಿಸಿದ್ದರು. ಅವನೂ ಬಿಡದೆ, ಅತಿಯಾಗಿ ಬಿಗಿದರೆ ಬೋಲ್ಟಿನ ಆಯುಸ್ಸು ಕುಂದುತ್ತದೆಂದೂ, ಎಷ್ಟು ಬೇಕೋ ಅಷ್ಟಕ್ಕೆ ಈ ರೆಂಚು ತಾನೇ ಟಕ್ ಎಂದು ಸಾರುತ್ತದೆಂದೂ ಸವಿಸ್ತಾರವಾಗಿ ಬೋಧಿಸಿದ್ದ. ಮಾವ ಗಲ್ಲ ತುರಿಸಿಕೊಂಡು, ತಮ್ಮ ಉಳಿದ ವ್ಯಾನುಗಳನ್ನೂ ಇನ್ನು ಮೇಲೆ ಅವನ ಗ್ಯಾರೇಜಿಗೇ ಕಳುಹಿಸುವುದಾಗಿ ಹೇಳಿದ್ದರು. ಮಗಳನ್ನು ಒಲ್ಲದ ಮನಸ್ಸಿನಿಂದ ಕೊಟ್ಟವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಒಂದೊಂದು ನಟ್ಟು ತಿರುಗಿಸುವಾಗಲೂ ಅವನ ಮಣಿಕಟ್ಟು, ಇನ್ನೂ ಬೇಕು, ಇನ್ನೂ ಬೇಕು ಎನ್ನುತ್ತಲೇ ಇತ್ತು. ಅವನು ಕಿವಿಗೊಡಲಿಲ್ಲ. ಆ ಹೆಸರಿನ ರೆಂಚಿನ ಸದ್ದು ಅವನ ಪಾಲಿಗೆ ಆಪ್ತವಾಕ್ಯ.

ಎಡಕ್ಕೆ ಬಂಡೆಗೋಡೆ, ಬಲಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರಿಯ ಆಕಾಶ. ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಬಾಯಿ ತೆರೆದು ಮಲಗಿದ ಕೂಸು. ಇಳಿಜಾರು ಮುಗಿದ ಮೇಲೆ ಯಾವ ನೆಪವನ್ನಾದರೂ ಹೇಳಿ ಇಳಿದು, ಯಾರಿಗೂ ತಿಳಿಯದಂತೆ ಬಿಗಿದುಬಿಡಬಹುದಲ್ಲ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ಆಗಲೇ ಪಾದದಡಿಯ ತಗಡು ಸಣ್ಣಗೆ ನಡುಗಿತು.

"ದರಿದ್ರ ರಸ್ತೆ," ಎಂದರು ಮಾವ.

ರಸ್ತೆ ಕನ್ನಡಿಯಂತಿತ್ತು.

"ಮಾವ, ಗಾಡಿ ನಿಲ್ಸಿ."

"ತಿರುವಲ್ಲಿ ಎಲ್ರೀ ನಿಲ್ಸೋದು? ಹೊಟ್ಟೆ ತೊಳಸುತ್ತಾ? ಕಿಟಕಿ ಇದೆಯಲ್ಲ."

"ಚಕ್ರ, ಮಾವ. ನಾನು ಹಾಕಿದ ಚಕ್ರ. ಅದು ಬಿಗಿಯಾಗಿಲ್ಲ. ಬ್ರೇಕು ಜೋರಾಗಿ ಒತ್ತಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಗೇರು ಇಳಿಸಿ... ಹಾಗೇ ಬಂಡೆ ಕಡೆಗೆ ತಗೊಳ್ಳಿ..."

ಮಾವನ ಮುಖದಲ್ಲಿ ಅಣಕದ ಎಳೆಯೂ ಉಳಿಯಲಿಲ್ಲ. ವ್ಯಾನು ಅಡ್ಡಡ್ಡ ಓಲಾಡಿ, ಬಂಡೆಯನ್ನು ಸವರಿ, ಆಳುದ್ದ ಆಚೆ ಸರಿದು ನಿಂತಿತು.

ಒಂದು ನಟ್ಟು ಎರಡೇ ಬೆರಳಿಗೆ ಸೀಸೆಯ ಮುಚ್ಚಳದಂತೆ ತಿರುಗಿತು. ಅದರ ಪಕ್ಕದ ನಟ್ಟು ಇರಲೇ ಇಲ್ಲ. ಬರಿಯ ಬೋಲ್ಟು ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಸೀಟಿನಡಿಯ ಹಳೆಯ ಪಾನಾ ತಂದು, ಅದರ ಮೇಲೆ ಮೈಭಾರವನ್ನೆಲ್ಲ ಹಾಕಿ, ಇದ್ದಷ್ಟನ್ನು ಬಿಗಿದ. ಸಡಿಲ ಚಕ್ರ ಕುಣಿದು ಬೋಲ್ಟುಗಳನ್ನು ಎಷ್ಟು ತಿಂದಿದೆಯೋ ಕಣ್ಣಿಗೆ ಕಾಣುವಂತಿರಲಿಲ್ಲ. ಸಾಕೇ ಎಂದು ಮಣಿಕಟ್ಟನ್ನು ಕೇಳಿಕೊಂಡ. ಬೆಳಗ್ಗೆ ಅಷ್ಟು ಖಚಿತವಾಗಿದ್ದ ಅದಕ್ಕೂ ಈಗ ಗೊತ್ತಾಗಲಿಲ್ಲ.

ಮಾವ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. "ಬಿಗಿ ಆಯ್ತಲ್ಲ, ಹತ್ತಿ. ಆದದ್ದಾಯ್ತು. ಈ ವಿಷಯ ನಿಮ್ಮತ್ತೆ ಕಿವಿಗೆ ಬೀಳೋದು ಬೇಡ." ಅವರ ದನಿಯಲ್ಲಿ ಹಿಂದೆಂದೂ ಇಲ್ಲದ ಮೃದುತ್ವವಿತ್ತು, ಆ ಮೃದುತ್ವಕ್ಕೇ ಅವನು ಹೆದರಿದ.

ಹೆಂಡತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಳಿದು ನಿಂತಿದ್ದಳು. ತವರಿನಲ್ಲಿ ಯಾರೇ ಅವನ ಮಾತೆತ್ತಿದರೂ, "ನಮ್ಮನೆಯವರ ಕೈಗುಣ ನಿಮಗೇನು ಗೊತ್ತು" ಎಂದು ಮೇಲೆ ಬೀಳುವವಳು.

"ಈಗ ಸರಿ ಇದೆಯಾ?"

"ಸರಿ ಇದೆ."

"ಚಕ್ರ ನೋಡ್ಬೇಡಿ. ನನ್ನ ನೋಡಿ ಹೇಳಿ."

ಅವನು ತಲೆಯೆತ್ತಿದ. ಕಣ್ಣು ತಾನಾಗಿ ಮತ್ತೆ ಚಕ್ರಕ್ಕೇ ಇಳಿಯಿತು.

ಅವಳು ಕೂಸಿನ ಟೋಪಿಯನ್ನು ಕಿವಿಯವರೆಗೆ ಎಳೆದು, ತಿರುಗಿ, ಇಳಿಜಾರಿನಲ್ಲಿ ನಡೆಯತೊಡಗಿದಳು. ಮಾವ ಒಮ್ಮೆ ವ್ಯಾನನ್ನೂ ಒಮ್ಮೆ ಮಗಳನ್ನೂ ನೋಡಿ, ಕೀಲಿಯನ್ನು ಅಳಿಯನ ಅಂಗೈಯಲ್ಲಿಟ್ಟು, ಅವಳ ಹಿಂದೆ ಹೆಜ್ಜೆ ಹಾಕಿದರು.

ಅವನು ಒಬ್ಬನೇ ಹತ್ತಿ ಕುಳಿತು, ಮೊದಲ ಗೇರಿನಲ್ಲಿ ಗಾಡಿಯನ್ನು ತೆವಳಿಸಿದ. ತಿರುವು ಕಳೆಯುತ್ತಲೇ ಇಬ್ಬರೂ ಕಂಡರು. ಸದ್ದು ಕೇಳಿ ಅವಳು ಹಿಂದಿರುಗಿ ನೋಡಿದಳು. ಬಂದವನು ಗಂಡನೆಂದು ಅರಿತೇ, ಬೆನ್ನನ್ನು ಬಂಡೆಗೆ ಒತ್ತಿ, ಕೂಸಿನ ತಲೆಗೆ ಅಂಗೈ ಮುಚ್ಚಿ, ಅವನು ದಾಟಿ ಹೋಗುವವರೆಗೂ ಉಸಿರು ಬಿಗಿಹಿಡಿದು ನಿಂತಳು.